ಯಕ್ಷ ಕೇಳದ ಪ್ರಶ್ನೆ

ವನಪರ್ವದಲ್ಲಿ ಯಕ್ಷ ಧರ್ಮರಾಯನನ್ನು ಕೇಳುವ ಪ್ರಶ್ನೆಗಳಲ್ಲಿ ಮಿತ್ರರ ಕುರಿತದ್ದೂ ಒಂದಿದೆ. ಪ್ರಯಾಣಿಕನಿಗೆ ಮಿತ್ರ ಯಾರು, ಮನೆಯಲ್ಲಿರುವವನಿಗೆ ಯಾರು, ರೋಗಿಗೆ ಯಾರು, ಸಾಯುವವನಿಗೆ ಯಾರು? ಪ್ರಯಾಣಿಕನಿಗೆ ಜೊತೆಗಾರರ ತಂಡ, ರೋಗಿಗೆ ವೈದ್ಯ ಎಂದು ಧರ್ಮರಾಯ ಬೇರೆ ಬೇರೆಯಾಗಿ ಉತ್ತರಿಸುತ್ತಾನೆ. ಯಕ್ಷನಿಗೆ ಅಷ್ಟು ಸಾಕಾಯಿತು. ಪ್ರಯಾಣಿಕನೇ ಗಾಯಗೊಂಡು ಬಿದ್ದರೆ, ಜೊತೆಗೆ ಯಾರೂ ಇಲ್ಲದಿದ್ದರೆ, ಸುತ್ತಲಿನವರ ಭಾಷೆಯೂ ತಿಳಿಯದಿದ್ದರೆ ಅವನ ಮಿತ್ರ ಯಾರು ಎಂದು ಅವನು ಕೇಳಲಿಲ್ಲ. ಕಾಡಿನ ಕೊಳದ ದಂಡೆಯಲ್ಲಿ ನಾಲ್ವರು ತಮ್ಮಂದಿರು ಬಿದ್ದುಕೊಂಡಿರುವಾಗಲೇ ಈ ಸಂವಾದ ನಡೆಯುತ್ತದೆ ಎಂಬುದನ್ನು ನೆನೆದರೆ ಬಿಟ್ಟುಹೋದ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಕಾರವಾರ, ಅಂಕೋಲೆಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಅದನ್ನು ಮತ್ತೆ ಮತ್ತೆ ಕೇಳುತ್ತಲೇ ಇದೆ.

2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನದಿಗೆ ಬಿತ್ತು. ಚಾಲಕ ತಮಿಳುನಾಡಿನವನು. ಅವನನ್ನು ನೀರಿನಿಂದ ಪಾರುಮಾಡಿದವರು ಸ್ಥಳೀಯ ಮೀನುಗಾರರು ಮತ್ತು ಪೊಲೀಸರು. ಮೂರು ವಾರಗಳ ಹಿಂದಷ್ಟೇ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ಕೋಳಿಕ್ಕೋಡಿನ ಲಾರಿ ಚಾಲಕನೊಬ್ಬ ತನ್ನ ವಾಹನದೊಂದಿಗೆ ಗಂಗಾವಳಿ ನದಿಯ ಪಾಲಾಗಿದ್ದ. 2021ರ ಜನವರಿ 11ರಂದು ಇದೇ ಅಂಕೋಲೆ ತಾಲ್ಲೂಕಿನಲ್ಲಿ ಕಾರು ಉರುಳಿ ಗಾಯಗೊಂಡವರು ಆಗಿನ ಕೇಂದ್ರ ಸಚಿವ, ಗೋವಾದ ಶ್ರೀಪಾದ ನಾಯಕ. ಅವರ ಪತ್ನಿ ಮತ್ತು ಆಪ್ತ ಸಹಾಯಕ ತೀರಿಕೊಂಡರು. ನಾಯಕರನ್ನು ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿಗೆ ಒಯ್ದರು. ಆಯುಷ್ ವೈದ್ಯಪದ್ಧತಿಗಳ ಖಾತೆಯೇ ಕೈಯಲ್ಲಿದ್ದ ಮಂತ್ರಿಯೂ ಆ ಸಂಜೆ ಪರವೂರಿನ ರಸ್ತೆಯಲ್ಲಿ ಯಾರದೋ ಕೈಗೆ ಬಿದ್ದ ಪ್ರಯಾಣಿಕ.

ಹೀಗೆ ಬದುಕಿ ಬಂದವರು ನಮ್ಮಲ್ಲಿ ಎರಡು ಮಾತು ಹೇಳುವುದುಂಟು. ಒಂದು, ಏನೋ ಋಣಾನುಬಂಧ. ಇನ್ನೊಂದು, ದೇವರ ಹಾಗೆ ಬಂದರು. ಕೃತಜ್ಞತೆಯ ಮಾತಾಗಿ ಎರಡೂ ಸುಂದರ. ತರ್ಕಕ್ಕೆ ಹಚ್ಚಿದರೆ ಎರಡೂ ಜಾರಿಕೊಳ್ಳುತ್ತವೆ. ಋಣಾನುಬಂಧ ಎಂದ ಕೂಡಲೇ ಅಪರಿಚಿತ ಹಿಂದಿನ ಜನ್ಮದ ನಂಟನಾಗುತ್ತಾನೆ, ಮೀನುಗಾರ ಹಳೆಯ ಬಾಕಿ ತೀರಿಸಿದವನಾಗುತ್ತಾನೆ. ಹಾಗಾದರೆ ಬಾಕಿಯಿಲ್ಲದವನು ಗಾಯಾಳುವನ್ನು ನೋಡಿಯೂ ಗಾಡಿ ಮುಂದೆ ಓಡಿಸಬಹುದಲ್ಲ? ದೇವರೆಂದರೂ ಅಷ್ಟೇ. ದೇವರು ಮಾಡಿದ್ದನ್ನು ನರಮನುಷ್ಯರಿಂದ ಯಾರೂ ನಿರೀಕ್ಷಿಸುವುದಿಲ್ಲ. ಪೀಠದ ಮೇಲೆ ಕೂರಿಸಿ ಕೈಮುಗಿದರೆ ನಮ್ಮ ಕೆಲಸ ಮುಗಿಯಿತು. ನನಗೆ ತೋರುವುದು ಇಷ್ಟು: ಆ ಹೊತ್ತಿನಲ್ಲಿ ಹಕ್ಕು ಹುಟ್ಟುವುದು ಗಾಯದಿಂದಲೇ. ನಂಟು, ಪುಣ್ಯ, ಊರು, ಭಾಷೆ ಯಾವುದೂ ಅದಕ್ಕೆ ಸಾಕ್ಷಿಯಾಗಿ ನಿಲ್ಲಬೇಕಿಲ್ಲ. ಪಡೆದವನ ಋಣವೂ ಕೊಟ್ಟವನಿಗೆ ಹಿಂದಿರುಗುವುದಿಲ್ಲ, ಏಕೆಂದರೆ ಆ ಮೀನುಗಾರನಿಗೆ ತಮಿಳುನಾಡಿನ ಲಾರಿಯವನಿಂದ ಏನೂ ಬೇಕಾಗಿಲ್ಲ. ಅದು ತೀರುವುದಾದರೆ ಪಡೆದವನ ಊರಿನ ರಸ್ತೆಯಲ್ಲಿ ಬಿದ್ದ ಇನ್ನೊಬ್ಬ ಪರಕೀಯನ ಬಳಿ ತೀರಬೇಕು.

ತೀರಿಸಲಾಗದ ಋಣ ಎಂದರೆ ಹಂಗು, ಸ್ವಾಭಿಮಾನಿಗೆ ಅದು ಸಲ್ಲದು ಎನ್ನುವವರಿದ್ದಾರೆ. ವೈರಾಗ್ಯದ ಮಾತಿನಲ್ಲೂ ಇದರ ಛಾಯೆ ಇದೆ: ಯಾರ ಕೈಯೂ ಬೇಡದವನೇ ಮುಕ್ತ. ಇದಕ್ಕೆ ಉತ್ತರ ಕಾರವಾರದಲ್ಲೇ ಬರೆಯಲ್ಪಟ್ಟಿತ್ತು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ ಯುವಕ ರವೀಂದ್ರನಾಥ ಠಾಕೂರರು ಬರೆದ ‘ಪ್ರಕೃತಿರ್ ಪ್ರತಿಶೋಧ’ ನಾಟಕದಲ್ಲಿ, ಲೋಕವನ್ನು ಗೆದ್ದೆನೆಂದುಕೊಂಡ ಸಂನ್ಯಾಸಿಯನ್ನು ದಿಕ್ಕಿಲ್ಲದ ಹುಡುಗಿಯೊಬ್ಬಳ ಮಮತೆ ಮರಳಿ ಮನುಷ್ಯರ ನಡುವೆ ಎಳೆದು ತರುತ್ತದೆ. ಮೂಳೆ ಮುರಿದುಕೊಂಡು ಮಲಗಿದವನಿಗೆ ಇದು ನಾಟಕವಿಲ್ಲದೆಯೂ ತಿಳಿಯುತ್ತದೆ. ಸ್ವಾವಲಂಬನೆ ಆರೋಗ್ಯವಂತರ ತತ್ತ್ವ.

ಸಂಬಳ ಪಡೆಯುವ ವೈದ್ಯ, ಕಾನೂನಿಗೆ ಬದ್ಧವಾದ ಆಸ್ಪತ್ರೆ ಮಾಡುವುದರಲ್ಲಿ ದಯೆ ಎಲ್ಲಿ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕಾಗದಪತ್ರ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ನೆರವಿಗೆ ಬಂದವರನ್ನು ಪೀಡಿಸದಂತೆ 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನು ಸೇರಿಸಿತು. ಕಾನೂನು ಕೂಡ ಗಾಯವನ್ನೇ ನೋಡಿದೆ, ಗಾಯಗೊಂಡವನ ವಿಳಾಸವನ್ನಲ್ಲ. ಆದರೆ ಅದು ಹೊಲಿಗೆಯನ್ನಷ್ಟೇ ಹಾಕಿಸಬಲ್ಲದು. ಭಾಷೆ ಬಾರದ ರೋಗಿಗೆ ಕೈಸನ್ನೆಯಲ್ಲಾದರೂ ಏನಾಗಿದೆಯೆಂದು ತಿಳಿಸುವ ತಾಳ್ಮೆಯನ್ನು, ಅವನ ಮನೆಗೆ ಫೋನು ಹಚ್ಚಿಕೊಡುವ ನರ್ಸಿನ ಗಮನವನ್ನು ಯಾವ ಕಲಮೂ ಆಜ್ಞಾಪಿಸಲಾರದು. ಹಣಕ್ಕೂ ಕಾಮನೆಗೂ ಅಲ್ಲದೆ ಭೂತದಯೆಯಿಂದ ಚಿಕಿತ್ಸೆ ಮಾಡುವ ವೈದ್ಯನನ್ನು ಚರಕ ಎಲ್ಲರಿಗಿಂತ ಮೇಲಿಡುತ್ತಾನೆ. ಸಂಬಳ ಕೆಲಸಕ್ಕೆ, ದಯೆ ಆ ಕೆಲಸದ ರೀತಿಯಲ್ಲಿದೆ.

ಗಡಿಯ ಪ್ರಶ್ನೆಯೇ ನಿಜವಾದ ಕಷ್ಟ. 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು, ಕನ್ನಡಿಗರೂ ಸೇರಿ, ರಸ್ತೆಯಲ್ಲೇ ಉಳಿದರು, ಕೆಲವರು ಸತ್ತರು. ಮಾತು ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಸಾಂಕ್ರಾಮಿಕದ ಭಯ ಸುಳ್ಳಾಗಿರಲಿಲ್ಲ. ಆದರೂ ಆಂಬುಲೆನ್ಸಿಗೂ ದಾರಿ ಬಿಡದಂತೆ ರಸ್ತೆಗೆ ಸುರಿದ ಮಣ್ಣಿನ ಗುಡ್ಡೆಯನ್ನು ಭಯ ಸಮರ್ಥಿಸಲಾರದು. ಇತ್ತ ಕಾರವಾರದವರು ಬಾಂಬೋಲಿಗೆ ಹೋಗುವುದು ರೂಢಿ. 1842ರಲ್ಲಿ ಪಣಜಿಯಲ್ಲಿ ಶುರುವಾದ ವೈದ್ಯಶಾಲೆಯ ಮುಂದುವರಿಕೆ ಅಲ್ಲಿನ ಕಾಲೇಜು. 1961ರವರೆಗೆ ಗಡಿಯ ಮಾಜಾಳಿಯಾಚೆಗಿನ ಗೋವಾ ಪರದೇಶವೇ ಆಗಿತ್ತು. 2018ರ ಆರಂಭದಲ್ಲಿ ಗೋವಾ ಸರ್ಕಾರ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ವಿಧಿಸಿದಾಗ ಗಡಿಯ ಈಚೆ ಅಸಮಾಧಾನವಾಯಿತು. ನನಗೆ ಆ ಅಸಮಾಧಾನ ಪೂರ್ತಿ ನ್ಯಾಯವೆನಿಸುವುದಿಲ್ಲ. ಹಾಸಿಗೆಗಳು ಎಣಿಕೆಯವು, ತೆರಿಗೆ ಕಟ್ಟುವವರು ಗೋವನ್ನರು. ತಿಂಗಳ ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಹಣ ಕೇಳಿದರೆ ಅದನ್ನು ಕ್ರೌರ್ಯವೆನ್ನಲಾಗದು. ರಕ್ತ ಸೋರುತ್ತಿರುವ ಮೊದಲ ತಾಸುಗಳ ಲೆಕ್ಕವೇ ಬೇರೆ. ಅಲ್ಲಿ ಗುರುತಿನ ಚೀಟಿ ಕೇಳುವುದು ತಪ್ಪು, ಕೇಳಿದ್ದು ಗೋವಾ ಇರಲಿ, ನಾವಿರಲಿ.

ಪರರ ದಯೆಯನ್ನು ಹೊಗಳುತ್ತ ಕೂತರೆ ನಮ್ಮ ಸರ್ಕಾರದ ವೈಫಲ್ಯ ಮುಚ್ಚಿಹೋಗುತ್ತದೆ ಎಂಬ ಸಿಟ್ಟನ್ನೂ ತಳ್ಳಿಹಾಕಲಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು (ಇದು ಬೈಂದೂರಿನ ಕಡೆಯ ಶಿರೂರು). ಆಗ ಉತ್ತರ ಕನ್ನಡದ ಉದ್ದಕ್ಕೂ ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎಂಬ ಕೂಗೆದ್ದಿತು. ಕೂಗು ಸರಿಯಾಗಿತ್ತು. ಅದರ ಒಳಗಿನ ಒಂದು ಊಹೆ ಮಾತ್ರ ಅರ್ಧ ಸತ್ಯ: ಆಸ್ಪತ್ರೆ ನಮ್ಮವರಿಗೆ ಬೇಕು ಎಂಬುದು. ಈ ಹೆದ್ದಾರಿಯ ಮೇಲೆ ಅಪಘಾತ ವಿಭಾಗ ತೆರೆದರೆ ಅದರ ಹಾಸಿಗೆಗಳಿಗೆ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಗೋವಾದವರೂ ಬಂದೇ ಬರುತ್ತಾರೆ. ಬಾಂಬೋಲಿಯ ಶುಲ್ಕಕ್ಕೆ ಮುನಿಸಿಕೊಂಡವರು, ಕಾರವಾರದ ಕೌಂಟರಿನಲ್ಲಿ ಹೊರಗಿನವರಿಂದ ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಅಡಿಗಲ್ಲು ಹಾಕುವ ಮುಂಚೆಯೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.