ಮಳೆ ಬಂದರೆ ಕೇಡಲ್ಲ

ಮಗ ಉಂಡರೆ ಕೇಡಲ್ಲ, ಮಳೆ ಬಂದರೆ ಕೇಡಲ್ಲ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಗಾದೆ ಕಟ್ಟಿದವರು ಮಗಳ ಊಟವನ್ನು ಮರೆತದ್ದೇಕೆ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದ್ದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಬೇರೆಯೇ ಒಂದು ಪ್ರಬಂಧ ಬರೆಯಬೇಕು. ಸದ್ಯಕ್ಕೆ ಗಾದೆಯ ಎರಡನೆಯ ಅರ್ಧವನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಏಕೆಂದರೆ ಆ ಅರ್ಧವನ್ನು ನಮ್ಮ ಮನೆಗಳಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಈಗ ಯಾರೂ ಒಪ್ಪುವುದಿಲ್ಲ.

ಬೀದರ ಸೀಮೆಯ ಕಮಠಾಣದಂಥ ಊರಿನಲ್ಲಿಯೂ ಮಾಳಿಗೆಗೊಂದು ಡಿಶ್ ಕುಳಿತಿದೆ. ನಮ್ಮ ಕಡೆ ಹಲವರು ಅದನ್ನು ಛತ್ರಿ ಎಂದೇ ಕರೆಯುತ್ತಾರೆ. ಹೆಸರೇನೋ ಛತ್ರಿ, ಆದರೆ ಮಳೆಗೆ ಹೆದರುವ ಛತ್ರಿ. ಮೂಡಣದಲ್ಲಿ ಮೋಡ ಕಪ್ಪಾದರೆ ಸಾಕು, ಪರದೆಯ ಮೇಲಿನ ಸೊಸೆಯ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ಅತ್ತೆಯ ಮಾತು ಅರ್ಧಕ್ಕೆ ನಿಲ್ಲುತ್ತದೆ. ಮರುಕ್ಷಣ ‘ನೋ ಸಿಗ್ನಲ್’ ಎಂಬ ಬರಹ ಮೂಡುತ್ತದೆ. ಆಗ ಓಣಿಯ ಮನೆಮನೆಯಿಂದಲೂ ಒಂದೇ ಮಾತು ಕೇಳುತ್ತದೆ: “ಹಾಳಾದ ಮಳಿ ಈಗೇ ಬರ್ಬೇಕಾಗಿತ್ತಾ?”

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಮಾತೇ. ಮಳೆಯ ಮೇಲೆ ಸಿಟ್ಟಾಗುವುದು ಸರಿಯೇ? ಸರಿಯಲ್ಲದಿದ್ದರೆ ಅದರಲ್ಲಿರುವ ತಪ್ಪಾದರೂ ಯಾವುದು? ಬೈದರೆ ಮಳೆಗೇನೂ ನೋವಾಗುವುದಿಲ್ಲವಲ್ಲ.

ಮೊದಲು ನಡೆಯುವುದೇನು ಎಂಬುದನ್ನು ತಿಳಿದುಕೊಳ್ಳೋಣ. ನಮ್ಮ ಛತ್ರಿಗಳೆಲ್ಲ ದಕ್ಷಿಣದ ಕಡೆ ಮುಖ ಮಾಡಿರುವುದನ್ನು ನೀವು ಗಮನಿಸಿರಬಹುದು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವಿರುತ್ತದೆ. ಅದು ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮ್ಮ ಪಾಲಿಗೆ ಒಂದೇ ಕಡೆ ನಿಂತಂತೆ. ಅಲ್ಲಿಂದ ಹೊರಟ ಅಲೆಗಳು ಒಂದು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ನಮ್ಮ ಮಾಳಿಗೆ ಮುಟ್ಟುತ್ತವೆ. ಮನೆಯ ಸಣ್ಣ ಡಿಶ್‌ಗೆ ಬರುವ ಈ ಅಲೆಗಳ ಉದ್ದ ಸುಮಾರು ಒಂದು ಅಂಗುಲ. ಇಷ್ಟು ಗಿಡ್ಡ ಅಲೆಗಳನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ, ಅತ್ತಿತ್ತ ಚದುರಿಸುತ್ತವೆ. ಕೇಬಲ್ಲಿನವರು ಇಡುವ ದೊಡ್ಡ ಡಿಶ್‌ಗಳಿಗೆ ಸಾಮಾನ್ಯವಾಗಿ ಬರುವುದು ಸುಮಾರು ಮೂರು ಅಂಗುಲದ ಅಲೆ. ಅದನ್ನು ಮಳೆ ಅಷ್ಟಾಗಿ ತಡೆಯಲಾರದು. ಪಕ್ಕದ ಮನೆಯ ಕೇಬಲ್ ಟೀವಿ ನಡೆಯುತ್ತಿರುವಾಗ ನಮ್ಮದು ಮಾತ್ರ ಮೌನ ಹಿಡಿಯುವುದಕ್ಕೆ ಇದೇ ಕಾರಣ.

ಇದರಲ್ಲಿ ನನಗೆ ಸೋಜಿಗವೆನಿಸುವ ಸಂಗತಿ ಒಂದಿದೆ. ಮೂವತ್ತಾರು ಸಾವಿರ ಕಿಲೋಮೀಟರ್ ಬಯಲನ್ನು ನಿರಾತಂಕವಾಗಿ ದಾಟಿ ಬಂದ ಚಿತ್ರ, ಮನೆಯ ಹತ್ತಿರದ ಕೊನೆಯ ಐದಾರು ಕಿಲೋಮೀಟರಿನಲ್ಲಿ ಸೋಲುತ್ತದೆ. ದೂರದ್ದು ಸಲೀಸು, ಹತ್ತಿರದ್ದೇ ಕಷ್ಟ. ಮನುಷ್ಯರ ನಡುವೆಯೂ ಬಹಳ ಸಲ ಹೀಗೇ ಅಲ್ಲವೇ? ಟೀವಿಯೊಳಗಿನ ಹೆಣ್ಣುಮಗಳ ಕಣ್ಣೀರು ನಮ್ಮನ್ನು ಮುಟ್ಟಿದಷ್ಟು ಸುಲಭವಾಗಿ ಗೋಡೆಯಾಚೆಯ ಮನೆಯವಳ ಕಣ್ಣೀರು ಮುಟ್ಟುವುದಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ಉಪಗ್ರಹದ ಟೀವಿ ನಮ್ಮ ಸೀಮೆಗೆ ಹೊಸದಲ್ಲ. ಬೆಂಗಳೂರಿಗಿಂತ ಮೊದಲು ಅದು ಬಂದದ್ದು ಈ ಕಡೆಗೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ, ‘ಸೈಟ್’ ಎಂಬ ಪ್ರಯೋಗ ನಡೆಯಿತು. ವಿಕ್ರಮ ಸಾರಾಭಾಯಿ ಅವರು ಕಂಡ ಕನಸು ಅದು. ನನಸಾಗುವುದನ್ನು ನೋಡಲು ಅವರಿರಲಿಲ್ಲ, 1971ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳಿಸಿದರು. ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯದ ಮಾತು. ಊರಿಗೆಲ್ಲ ಒಂದೇ ಟೀವಿ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಡಿಶ್. ಬೆಂಗಳೂರಿನ ದೂರದರ್ಶನ 1981ರದು.

ಆ ಹತ್ತು ಅಡಿಯ ಛತ್ರಿಗೆ ಬರುತ್ತಿದ್ದ ಅಲೆ ಒಂದು ಅಡಿಗಿಂತ ಉದ್ದ. ಅಂಥ ಅಲೆಗೆ ಮಳೆ ಲೆಕ್ಕಕ್ಕೇ ಇಲ್ಲ. ಊರಿಗೆಲ್ಲ ಸೇರಿದ್ದ ಛತ್ರಿ ಮಳೆಗೆ ಹೆದರಲಿಲ್ಲ. ಮನೆಮನೆಗೆ ಸ್ವಂತದ ಸಣ್ಣ ಛತ್ರಿ ಬಂದಾಗ ಮಳೆಯ ಭಯವೂ ಜೊತೆಗೇ ಬಂತು. ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಸೊಸೆಯಾದವಳು ರಾತ್ರಿ ಹೊತ್ತು ಹತ್ತು ಜನರ ನಡುವೆ ಹೋಗಿ ಟೀವಿ ನೋಡುತ್ತೇನೆಂದರೆ ಎಷ್ಟು ಮನೆಗಳಲ್ಲಿ ಒಪ್ಪುತ್ತಿದ್ದರು? ಅವಳಿಗೆ ಟೀವಿ ಸಿಕ್ಕಿದ್ದು ಅದು ಅವಳ ಪಡಸಾಲೆಗೆ ಬಂದಾಗಲೇ. ಸಣ್ಣ ಡಿಶ್, ಕಡಿಮೆ ಖರ್ಚು, ಮನೆಯೊಳಗೇ ಚಿತ್ರ. ಇವಿಷ್ಟು ಬೇಕಾದರೆ ವರ್ಷದಲ್ಲಿ ಕೆಲವು ಗಂಟೆ ಮಳೆಗೆ ಬಿಟ್ಟುಕೊಡಬೇಕು. ಡಿಶ್ ಇನ್ನಷ್ಟು ದೊಡ್ಡದಾಗಿದ್ದರೆ ಚಿತ್ರ ಇನ್ನಷ್ಟು ಮಳೆ ತಡೆದುಕೊಳ್ಳುತ್ತಿತ್ತು. ಆದರೆ ಅಷ್ಟು ದೊಡ್ಡದನ್ನು ಯಾರು ಕೊಳ್ಳುತ್ತಿದ್ದರು? ಅಳತೆ ಮಾಡಿದವರು ಈ ಲೆಕ್ಕವನ್ನು ಮೊದಲೇ ಹಾಕಿರುತ್ತಾರೆ. ಎಂದಮೇಲೆ ಮಳೆಯಲ್ಲಿ ಟೀವಿ ನಿಲ್ಲುವುದು ಮೋಸವಲ್ಲ, ಕರಾರು. ಅದಕ್ಕೆ ನಾವು ಸಹಿ ಹಾಕಿದ್ದು ಮಾತ್ರ ನಮಗೆ ನೆನಪಿಲ್ಲ.

ಸಿಟ್ಟಿನ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. “ತಿಂಗಳಾ ತಿಂಗಳಾ ರೊಕ್ಕಾ ಕಟ್ಟತೀವಿ ಅಕ್ಕೋರೆ, ಪುಕ್ಕಟೆ ಏನ್ ನೋಡತೀವಾ?” ಎಂದು ಪಕ್ಕದ ಮನೆಯಾಕೆ ಕೇಳುತ್ತಾಳೆ. ನಿಜವೇ. ರೊಕ್ಕ ಕೊಟ್ಟವರಿಗೆ ಹಕ್ಕಿದೆ. ಆದರೆ ಆ ಹಕ್ಕು ರೊಕ್ಕ ತೆಗೆದುಕೊಂಡವನ ಮೇಲೆ. ಬಿಸಿಲು ಗುಡುಗಿದ ದಿನವೂ ಪೆಟ್ಟಿಗೆ ಕೆಟ್ಟು ಕೂತರೆ ಅವನನ್ನು ಕೇಳಲೇಬೇಕು. ಮೋಡಕ್ಕೆ ನಾವು ಯಾವ ತಿಂಗಳು ಏನು ಕಟ್ಟಿದ್ದೇವೆ? ಎಲ್ಲಕ್ಕೂ ಬೆಲೆ ಕೊಟ್ಟು ಕೊಟ್ಟು, ಬೆಲೆ ಕೊಡದೆ ಸಿಕ್ಕಿದ್ದನ್ನೂ ಗಿರಾಕಿಯ ದನಿಯಲ್ಲೇ ಮಾತಾಡಿಸುವ ರೂಢಿ ನಮಗಾಗಿಬಿಟ್ಟಿದೆ.

ಮತ್ತೆ ಇದು ಎಂಥ ಸೀಮೆ? ಮಿರಗ ಕೂಡಿತೇ ಎಂದು ಆಕಾಶ ನೋಡುತ್ತ ಹೆಸರು, ಉದ್ದು, ತೊಗರಿ, ಸೋಯಾ ಬಿತ್ತುವ ಸೀಮೆ. 1972ರ ಬರದ ಕತೆಯನ್ನು ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದವರು ನಾವು. 2016ರ ಏಪ್ರಿಲಿನಲ್ಲಿ ಭಾಲ್ಕಿಯಾಚೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಆ ನೀರಿನ ರೈಲನ್ನು ನಾವು ಕಂಡದ್ದೂ ಟೀವಿಯಲ್ಲೇ; ಆಕಾಶದಲ್ಲಿ ಮೋಡವಿರಲಿಲ್ಲ, ಚಿತ್ರ ಸ್ಪಷ್ಟವಾಗಿ ಬರುತ್ತಿತ್ತು! ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೋರು ಮಳೆಯಾಯಿತು, ಚಿತ್ರ ಹೋಯಿತು. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಮೂರನೆಯ ತರಗತಿಯ ಮಗುವೂ ಉತ್ತರ ಹೇಳೀತು.

ಆದರೂ ಒಂದು ಮಾತು. ಮಳೆಗೆ ಸಂತೋಷಪಡುವವರೆಲ್ಲ ಒಳ್ಳೆಯವರು, ಬೇಸರಪಡುವವರೆಲ್ಲ ಕೃತಘ್ನರು ಎಂದು ಗೆರೆ ಎಳೆಯುವಂತಿಲ್ಲ. ಹೆಸರು ರಾಶಿಗೆ ಬಂದ ಹೊತ್ತಿನಲ್ಲಿ ಎಂಟು ದಿನ ಜಿಟಿಜಿಟಿ ಹಿಡಿದರೆ ಕಾಯಿಯಲ್ಲೇ ಮೊಳಕೆ ಒಡೆಯುತ್ತದೆ. ಆಗ ರೈತನೂ ಮಳೆಯನ್ನು ಬೈಯುತ್ತಾನೆ. ಬರಲಿ ಎಂದು ಬೇಡಿದ ಬಾಯೇ ಸಾಕು ಎಂದೂ ಬೇಡುತ್ತದೆ. ಹಾಗಾದರೆ ಅವನ ಬೈಗುಳಕ್ಕೂ ಪಡಸಾಲೆಯ ಬೈಗುಳಕ್ಕೂ ಏನು ವ್ಯತ್ಯಾಸ? ಅವನು ಕಳೆದುಕೊಳ್ಳುವುದು ವರ್ಷದ ಅನ್ನ, ನಾವು ಕಳೆದುಕೊಳ್ಳುವುದು ಅರ್ಧ ಗಂಟೆಯ ಕತೆ. ಬೈಗುಳ ಒಂದೇ ಇರಬಹುದು. ಅದರ ಹಿಂದಿನ ನಷ್ಟ ಒಂದೇ ಅಲ್ಲ.

ಅರ್ಧ ಗಂಟೆಯ ಕತೆ ಎಂದು ಬರೆದ ಕೂಡಲೇ ಕೈ ತಡೆಯುತ್ತದೆ. ಅದು ಎಲ್ಲರಿಗೂ ಬರೀ ಕತೆಯೇ? ಬೆಳಗಿನ ಐದರಿಂದ ದುಡಿದ ಹೆಣ್ಣುಮಗಳು ದಿನದಲ್ಲಿ ತನಗಾಗಿ ಕುಳಿತುಕೊಳ್ಳುವುದು ಆ ಅರ್ಧ ಗಂಟೆ ಮಾತ್ರ. ಗಂಡ ಸತ್ತು, ಮಕ್ಕಳು ಪುಣೆಗೋ ಹೈದರಾಬಾದಿಗೋ ಹೋಗಿ, ಒಬ್ಬಳೇ ಉಳಿದ ಮುದುಕಿಗೆ ಆ ಪೆಟ್ಟಿಗೆ ಮನೆಯೊಳಗಿನ ಏಕೈಕ ದನಿ. “ಟೀವಿ ಬಂದಾತಂದ್ರ ಮನಿ ಬಾವಿ ಆದಂಗ ಆಗ್ತದ” ಎಂದು ಅಂಥ ಒಬ್ಬ ಅಜ್ಜಿ ನನ್ನೆದುರು ಹೇಳಿದ್ದುಂಟು. ಟೀವಿ ನಿಂತರೆ ಮನೆಮಂದಿ ಕೂಡಿ ಮಾತಾಡಬಹುದು ಎಂದು ಉಪದೇಶಿಸುವವರು ಮಾತಾಡಲು ಮಂದಿ ಇರುವ ಮನೆಯವರು. ಆ ಅಜ್ಜಿಯ ಬೇಸರವನ್ನು ಕ್ಷುಲ್ಲಕವೆನ್ನಲು ನನಗೆ ನಾಲಿಗೆ ಬರುವುದಿಲ್ಲ. ಅವಳಿಗೆ ಮಳೆಯ ಮಹಿಮೆ ಹೇಳುವ ಬದಲು ಮಳೆ ನಿಲ್ಲುವವರೆಗೆ ಅವಳ ಕಟ್ಟೆಯ ಮೇಲೆ ಕುಳಿತು ಬರುವುದು ಮೇಲು.

ಒಂದು ಶ್ರಾವಣದ ಸಂಜೆ ನಮ್ಮ ಓಣಿಯಲ್ಲಿ ಹೀಗಾಯಿತು. ಗುಡುಗು ಸಿಡಿಲು ಜೋರಾಗಿ ಎಲ್ಲ ಮನೆಯ ಚಿತ್ರಗಳೂ ಒಟ್ಟಿಗೇ ಹೋದವು. ನಾಲ್ಕೈದು ಜನ ಹೆಂಗಸರು ಬಾಗಿಲಿಗೆ ಬಂದು, ಇವತ್ತೇ ಕತೆ ಬಿಚ್ಚುವ ದಿನವಾಗಿತ್ತು ಎಂದು ಪೇಚಾಡುತ್ತಿದ್ದರು. ಓಣಿಯ ತುದಿಯಲ್ಲಿ ಕೂಲಿಗೆ ಹೋಗುವ ಹೆಂಗಸೊಬ್ಬಳು ತಲೆಯ ಮೇಲೆ ಗೊಬ್ಬರದ ಚೀಲ ಮಡಿಚಿ ಹಾಕಿಕೊಂಡು ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದಳು. ಯಾಕವ್ವ ಎಂದು ಕೇಳಿದ್ದಕ್ಕೆ, “ಮಗಳು ಸದಿ ತೆಗಿಲಾಕ ಹೋಗ್ಯಾಳ, ಇನ್ನಾ ಬಂದಿಲ್ಲ” ಎಂದಳು. ಅಷ್ಟೇ. ಪೇಚಾಟ ನಿಂತಿತು. ಸಿಡಿಲಿನ ಹೊತ್ತಿನಲ್ಲಿ ಹೊಲದಲ್ಲಿ ಸಿಕ್ಕಿಕೊಂಡವರು ಮರದ ಬುಡಕ್ಕೆ ಓಡುವುದು, ಸಿಡಿಲು ಆ ಮರಕ್ಕೇ ಬಡಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಯಾರೋ ಹೊಲದ ಮಾಲೀಕರಿಗೆ ಫೋನು ಹಚ್ಚಿದರು, ಯಾರೋ ಅವಳನ್ನು ಒಳಗೆ ಕರೆದು ಚಹಾ ಕೊಟ್ಟರು. ಮುಕ್ಕಾಲು ಗಂಟೆಯ ಮೇಲೆ ಹುಡುಗಿ ತೋಯ್ದು ತೊಪ್ಪೆಯಾಗಿ ನಗುತ್ತಲೇ ಬಂದಳು. ಅಷ್ಟರಲ್ಲಿ ಸಿಗ್ನಲ್ಲೂ ಬಂದಿತ್ತು. ಎಲ್ಲರೂ ಟೀವಿಗೆ ಹೋದರು. ಹೋದದ್ದರಲ್ಲಿ ತಪ್ಪೇನೂ ಇಲ್ಲ.

ಅಂದು ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಆದರೆ ಒಂದೇ ಮಳೆ ಒಂದೇ ಓಣಿಯಲ್ಲಿ ಎಷ್ಟು ಬಗೆಯಾಗಿ ಬೀಳುತ್ತದೆ ಎಂಬುದು ಕಣ್ಣೆದುರೇ ಇತ್ತು. ಮಳೆಯ ಮೇಲಿನ ಸಿಟ್ಟಿನಲ್ಲಿ ತಪ್ಪಿದ್ದರೆ ಅದು ಇದೇ ಇರಬೇಕು. ಮಳೆಗೆ ಅದರಿಂದ ಅವಮಾನವಿಲ್ಲ. ಆದರೆ ನನ್ನ ಪರದೆಯೊಂದೇ ಮಳೆಯ ಗುರಿ ಎಂಬಂತೆ ಮಾತಾಡಿದಾಗ, ಆ ಹೊತ್ತಿಗೆ ಮಳೆಯಲ್ಲಿ ನಿಂತ ಮಿಕ್ಕವರೆಲ್ಲ ನನ್ನ ಕಣ್ಣಿನಿಂದ ಅಳಿಸಿಹೋಗುತ್ತಾರೆ.

ಕಮಠಾಣದಲ್ಲಿ ಪಾರ್ಶ್ವನಾಥನ ಹಳೆಯ ಬಸದಿಯಿದೆ. ಆ ತೀರ್ಥಂಕರನ ಕತೆಯಲ್ಲೂ ಮಳೆ ಬರುತ್ತದೆ. ಜನ್ಮಜನ್ಮಾಂತರದ ವೈರಿ ಕಮಠನ ಜೀವ, ಧ್ಯಾನಕ್ಕೆ ನಿಂತವನ ಮೇಲೆ ಬಿರುಮಳೆ ಸುರಿಸುತ್ತದೆ. ನಾಗರಾಜ ಧರಣೇಂದ್ರ ಹೆಡೆಬಿಚ್ಚಿ ಛತ್ರಿ ಹಿಡಿಯುತ್ತಾನೆ. ಪಾರ್ಶ್ವನಾಥನಿಗೆ ಮಳೆ ಸುರಿಸಿದವನ ಮೇಲೆ ಸಿಟ್ಟಿಲ್ಲ, ಛತ್ರಿ ಹಿಡಿದವನ ಮೇಲೆ ಮೋಹವಿಲ್ಲ. ಅಂಥ ಸಮಚಿತ್ತ ತೀರ್ಥಂಕರರಿಗೆ ಸಾಧ್ಯ. ಒಲೆ, ಉಪ್ಪು, ಮಕ್ಕಳ ಪರೀಕ್ಷೆ ಎಂದು ಓಡಾಡುವ ನಮಗೆ ಅದು ದೂರದ ಮಾತು. ಆ ಕತೆಯಲ್ಲಿ ಮಳೆಯ ಹಿಂದೆ ಒಬ್ಬ ವೈರಿಯಾದರೂ ಇದ್ದ. ನಮ್ಮ ಸಂಜೆಯ ಮಳೆಯ ಹಿಂದೆ ಯಾರೂ ಇಲ್ಲ. ವೈರಿಯಿದ್ದಲ್ಲೂ ಸಿಟ್ಟಾಗದವರ ಬಸದಿಯಿರುವ ಊರಿನಲ್ಲಿ, ವೈರಿಯೇ ಇಲ್ಲದ ಕಡೆ ಸಿಟ್ಟಾಗದಿರುವಷ್ಟನ್ನಾದರೂ ಕಲಿಯಬಹುದೇನೋ.

ಬೇಸರಕ್ಕೂ ಸಿಟ್ಟಿಗೂ ವ್ಯತ್ಯಾಸವಿದೆ ಎಂದು ನಾನು ಮಕ್ಕಳಿಗೆ ಹೇಳುವುದುಂಟು. ಬೇಸರಕ್ಕೆ ಕಾರಣವಿದ್ದರೆ ಸಾಕು. ಸಿಟ್ಟಿಗೆ ತಪ್ಪಿತಸ್ಥನೊಬ್ಬ ಬೇಕು. ತಪ್ಪಿತಸ್ಥನಿಲ್ಲದ ಕಡೆ ಸಿಟ್ಟು ಮಾಡಿದರೆ ಅದು ವಿಳಾಸ ತಪ್ಪಿದ ಕಾಗದದಂತೆ ತಿರುಗಿ ಬಂದು ಮನೆಯವರ ಮೇಲೇ ಬೀಳುತ್ತದೆ. ಕೂಸಿಗೊಂದು ಏಟು, ಸೊಸೆಗೊಂದು ಮಾತು. ಮಳೆ ಬಂತು, ಟೀವಿ ಹೋಯಿತು ಎಂದು ಬೇಸರಪಡೋಣ. ಬೇಸರ ಯಾರಿಗೂ ಕೇಡಲ್ಲ. ಆಮೇಲೆ ಬಾಗಿಲಿಗೆ ಬಂದು, ಯಾರು ಯಾರು ಇನ್ನೂ ಮನೆ ಮುಟ್ಟಿಲ್ಲ ಎಂದು ಒಮ್ಮೆ ಓಣಿಯ ಉದ್ದಕ್ಕೂ ನೋಡೋಣ.