ಮೇಪಲ್ ಬೀದಿಯ ಕತ್ತಲೆ

ಹಳೆಯದೊಂದು ಕಥೆಯನ್ನು ಮತ್ತೊಮ್ಮೆ ನೋಡಿದಾಗ ಬದಲಾಗುವುದು ಕಥೆಯಲ್ಲ, ನಾವು. ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ 1959ರಿಂದ 1964ರವರೆಗೆ ಪ್ರಸಾರವಾದ ಕಪ್ಪು-ಬಿಳುಪು ಮಾಲಿಕೆ 'ದಿ ಟ್ವಿಲೈಟ್ ಝೋನ್' ಡಿ.ವಿ.ಡಿ.ಗಳ ಮೂಲಕ ಮನೆಮನೆಗೆ ಮರಳಿ ಬಂದಿತು. ಅದರ 156 ಕಂತುಗಳಲ್ಲಿ ಒಂದೊಂದೂ ಬೇರೆ ಬೇರೆ ವಿಸ್ಮಯದ ಕಥೆ. ಅದನ್ನು ರೂಪಿಸಿದ ಲೇಖಕ ರಾಡ್ ಸರ್ಲಿಂಗ್ ಜನಾಂಗದ್ವೇಷದ ಕುರಿತು ಮೊದಲು ನೇರವಾಗಿಯೇ ಬರೆದರು. ಪ್ರಾಯೋಜಕರು ಆ ನಾಟಕಗಳನ್ನು ತಿದ್ದಿ ಸಪ್ಪೆಯಾಗಿಸಿದಾಗ ಕಲ್ಪನೆಯ ಮರೆಯನ್ನು ಆಶ್ರಯಿಸಿದರು.

1960ರ ಮಾರ್ಚ್‌ನಲ್ಲಿ ಪ್ರಸಾರವಾದ ಕಂತೊಂದರಲ್ಲಿ ಮೇಪಲ್ ಬೀದಿಯ ವಿದ್ಯುತ್ತು, ದೂರವಾಣಿ, ಕಾರುಗಳು ಏಕಾಏಕಿ ಸ್ತಬ್ಧವಾಗುತ್ತವೆ. ಅನ್ಯಗ್ರಹದವರು ಮನುಷ್ಯರೂಪದಲ್ಲಿ ಮೊದಲೇ ಬಂದು ನೆಲೆಸಿರುತ್ತಾರೆಂದು, ಕಥೆಯೊಂದನ್ನು ಓದಿದ್ದ ಬಾಲಕನು ಹೇಳುತ್ತಾನೆ. ಅಷ್ಟೇ ಸಾಕಾಗುತ್ತದೆ. ಒಬ್ಬನ ಕಾರು ತಾನಾಗಿ ಚಾಲೂ ಆದದ್ದು, ನಿದ್ದೆ ಬಾರದೆ ಅವನು ರಾತ್ರಿಯಲ್ಲಿ ಆಕಾಶವನ್ನು ನೋಡುತ್ತಿದ್ದದ್ದು, ಎಲ್ಲವೂ ಅಪರಾಧದ ಸಾಕ್ಷ್ಯವಾಗುತ್ತವೆ. ಕೊನೆಗೆ ಕತ್ತಲಲ್ಲಿ ನಡೆದುಬರುತ್ತಿದ್ದ ನೆರೆಯವನೇ ಗುಂಡಿಗೆ ಬಲಿಯಾಗುತ್ತಾನೆ. ಅನ್ಯಗ್ರಹದವರು ಇದ್ದದ್ದು ನಿಜ. ಆದರೆ ದೂರದ ಗುಡ್ಡದಿಂದ ದೀಪಗಳನ್ನು ಆರಿಸಿ ಹೊತ್ತಿಸಿದ್ದಷ್ಟೇ ಅವರ ಕೆಲಸ.

ಹಾಗಾದರೆ ಆ ಸಾವಿಗೆ ಹೊಣೆ ಯಾರು? ಭಯವು ಹೇಳದೆ ಬರುತ್ತದೆ, ಅದು ಪಾಪವಲ್ಲ. ಆದರೆ ಆ ಭಯಕ್ಕೆ ಪಕ್ಕದ ಮನೆಯವನ ಮುಖವನ್ನು ತೊಡಿಸುವುದು ನಮ್ಮದೇ ಆಯ್ಕೆ. ಮೊದಲ ಸಲ ನೋಡುವಾಗ 'ಇವರಲ್ಲಿ ಅನ್ಯನಾರು?' ಎಂದು ನಾವೂ ಒಬ್ಬೊಬ್ಬರನ್ನಾಗಿ ಸಂದೇಹಿಸುತ್ತೇವೆ. ಉತ್ತರ ತಿಳಿದು ಎರಡನೆಯ ಸಲ ನೋಡಿದಾಗ, ನಾವೂ ಆ ಗುಂಪಿನಲ್ಲಿ ನಿಂತಿದ್ದೆವೆಂಬ ಅರಿವು ಚುಚ್ಚುತ್ತದೆ.

ನಮ್ಮ ಬೀದಿಯ ದೀಪ ಆರಿದ ದಿನ, ನೆರೆಯವರ ಬಾಗಿಲಿಗೆ ನಾವು ಒಯ್ಯುವುದು ಸಂದೇಹವನ್ನೋ, ಮೇಣದಬತ್ತಿಯನ್ನೋ?