ಇಸ್ತಿಖಾರದ ಕೊನೆಯ ಮಾತು

"ಉಸ್ತಾದ್, ನನಗಾಗಿ ಒಂದು ಇಸ್ತಿಖಾರ ನೋಡಿ ಹೇಳಬೇಕು" ಎನ್ನುತ್ತಾ ಒಬ್ಬ ತಂದೆ ನನ್ನ ಬಳಿಗೆ ಬಂದಿದ್ದರು. ಮಗನನ್ನು ಗಲ್ಫಿಗೆ ಕಳುಹಿಸುವ ವಿಚಾರ. ಮಾತನಾಡುತ್ತಾ ಹೋದಂತೆ ವೀಸಾ ಬಂದಾಗಿದೆ, ಟಿಕೇಟೂ ಆಗಿದೆ ಎಂದು ತಿಳಿಯಿತು. ಮಗನ ಇಷ್ಟವನ್ನು ಮಾತ್ರ ಯಾರೂ ಕೇಳಿರಲಿಲ್ಲ. "ಹೋಗುವುದು ಒಳಿತಲ್ಲವೆಂದು ಕಂಡುಬಂದರೆ ಏನು ಮಾಡುತ್ತೀರಿ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗೆ ಕಂಡುಬರಲಿಕ್ಕಿಲ್ಲ ಉಸ್ತಾದ್" ಎಂದರು.

ಓದುಗರೇ, ಅವರನ್ನು ಕಂಡು ನಗಬೇಡಿ. ನಮ್ಮಲ್ಲಿ ಹೆಚ್ಚಿನವರ ತವಕ್ಕುಲ್ ಇಂತಹದೇ. ತೀರ್ಮಾನ ನಮ್ಮದು, ಅದಕ್ಕೆ ಅಲ್ಲಾಹನ ಒಪ್ಪಿಗೆಯ ಮುದ್ರೆ ಬೀಳಬೇಕು, ಅಷ್ಟೆ.

ಇಸ್ಲಾಮ್ ಎಂಬ ಪದದಲ್ಲೇ ಶರಣಾಗತಿಯ ಅರ್ಥವಿದೆ. ನಮ್ಮ ಕ್ರೈಸ್ತ ಸಹೋದರರೂ ತಮ್ಮ ನಿತ್ಯ ಪ್ರಾರ್ಥನೆಯಲ್ಲಿ ದೇವನ ಇಚ್ಛೆ ನೆರವೇರಲೆಂದು ಬೇಡುತ್ತಾರೆ. ಬಾಯಿಂದ ಹೇಳುವುದು ಸುಲಭ. ಆದರೆ ನಾವು ಅವನಿಗೆ ಒಪ್ಪಿಸಬೇಕಾದುದು ಏನನ್ನು? ನಮ್ಮ ಕೆಲಸವನ್ನೇ? ಅಲ್ಲ. ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟಿ ಆಮೇಲೆ ಭರವಸೆಯಿಡಲು ಪ್ರವಾದಿ(ಸ) ತಿಳಿಸಿದ್ದನ್ನು ತಿರ್ಮಿದಿಯ ಹದೀಸಿನಲ್ಲಿ ಓದುತ್ತೇವೆ. ಇದು ಮದ್ರಸದ ಮಕ್ಕಳಿಗೂ ಗೊತ್ತು. ನಿಜವಾದ ಪರೀಕ್ಷೆ ಇರುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಕಟ್ಟಿದ ಒಂಟೆಯೂ ಕಳೆದುಹೋದರೆ?

ಹ. ಯಾಕೂಬ್(ಅ)ರ ಬದುಕನ್ನು ನೋಡಿ. ಬರಗಾಲದಲ್ಲಿ ಧಾನ್ಯಕ್ಕಾಗಿ ಈಜಿಪ್ಟಿಗೆ ಹೊರಟ ಮಕ್ಕಳೊಂದಿಗೆ ಕಿರಿಯ ಮಗನನ್ನು ಕಳುಹಿಸುವ ಮೊದಲು ಅವರಿಂದ ಅಲ್ಲಾಹನ ಹೆಸರಿನಲ್ಲಿ ಮಾತು ಪಡೆದರು. ಒಂದೇ ಬಾಗಿಲಿನಿಂದ ಹೋಗದೆ ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸಲು ಹೇಳಿದರು. ಅಲ್ಲಾಹನ ವಿಧಿಯೆದುರು ತನ್ನಿಂದ ನಿಮಗೇನೂ ಪ್ರಯೋಜನವಾಗದು, ತನ್ನ ಭರವಸೆ ಅವನ ಮೇಲೆಯೇ ಎಂದೂ ಸೇರಿಸಿದರು. ಸೂರಃ ಯೂಸುಫ್‌ನ 67ನೆಯ ಸೂಕ್ತದಲ್ಲಿ ಈ ಎರಡೂ ಒಟ್ಟಿಗೇ ಇವೆ. ಇಷ್ಟೆಲ್ಲ ಮಾಡಿದ ಮೇಲೂ ಆ ಮಗ ಅವರೊಂದಿಗೆ ಮರಳಿ ಬರಲಿಲ್ಲ.

ಆಗ ಅವರು ಅಲ್ಲಾಹನನ್ನು ದೂರಲಿಲ್ಲ. ದುಃಖವಾಗಿಲ್ಲವೆಂದು ನಟಿಸಲೂ ಇಲ್ಲ. ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವೆಂದು ಕುರ್‌ಆನ್ ಹೇಳುತ್ತದೆ. ಹಾಗಾದರೆ ಕಣ್ಣೀರು ತವಕ್ಕುಲ್‌ಗೆ ವಿರುದ್ಧವಲ್ಲ. ಅಳುತ್ತಲೇ ಅವರು ತಮ್ಮ ಸಂಕಟವನ್ನು ಅಲ್ಲಾಹನ ಮುಂದಿಟ್ಟರು. ಯೂಸುಫ್(ಅ) ಮತ್ತು ಅವರ ತಮ್ಮನನ್ನು ಹುಡುಕಿರಿ, ಅಲ್ಲಾಹನ ಕೃಪೆಯ ಬಗ್ಗೆ ನಿರಾಶರಾಗಬೇಡಿರಿ ಎಂದು ಮಕ್ಕಳನ್ನು ಮತ್ತೆ ಕಳುಹಿಸಿದರು. ಪ್ರಯತ್ನವನ್ನು ಅವರು ಬಿಟ್ಟಿರಲಿಲ್ಲ, ಫಲದ ಮೇಲಿನ ಹಕ್ಕನ್ನು ಬಿಟ್ಟಿದ್ದರು.

ಇಸ್ತಿಖಾರ ಇದನ್ನೇ ಕಲಿಸುತ್ತದೆ. ಕುರ್‌ಆನಿನ ಸೂರಃಗಳನ್ನು ಕಲಿಸುವಂತೆಯೇ ಪ್ರವಾದಿ(ಸ) ಇದನ್ನೂ ತಮಗೆ ಕಲಿಸುತ್ತಿದ್ದರೆಂದು ಹ. ಜಾಬಿರ್(ರ) ತಿಳಿಸುತ್ತಾರೆ. ಬುಖಾರಿಯ ಈ ಹದೀಸಿನಲ್ಲಿ ಕನಸು ಬೀಳುವ ಮಾತಿಲ್ಲ, ಇನ್ನೊಬ್ಬರಿಂದ 'ನೋಡಿಸುವ' ಮಾತೂ ಇಲ್ಲ. ಎರಡು ರಕಅತ್ ನಮಾಝ್, ಬಳಿಕ ಒಂದು ದುಆ. ಈ ಕಾರ್ಯ ನನ್ನ ಧರ್ಮಕ್ಕೂ ಬದುಕಿಗೂ ಒಳಿತಾಗಿದ್ದರೆ ದಯಪಾಲಿಸು, ಕೆಡುಕಾಗಿದ್ದರೆ ನನ್ನಿಂದ ದೂರ ಸರಿಸು, ಒಳಿತು ಎಲ್ಲಿದ್ದರೂ ಅದನ್ನು ವಿಧಿಸು ಎಂದು ಬೇಡುತ್ತೇವೆ. ಕೊನೆಯದಾಗಿ, ಅದರಲ್ಲಿ ನನ್ನನ್ನು ಸಂತೃಪ್ತನಾಗಿಸು ಎಂದೂ ಬೇಡುತ್ತೇವೆ. ಎಲ್ಲಕ್ಕಿಂತ ಕಷ್ಟದ ಬೇಡಿಕೆ ಇದೇ.

ನನ್ನ ಅನುಭವವನ್ನೇ ಹೇಳುತ್ತೇನೆ. ಬಿ.ಎ. ಮುಗಿಸಿದ ವರ್ಷ ಒಂದು ಶಾಲೆಯ ಕನ್ನಡ ಅಧ್ಯಾಪಕರ ಹುದ್ದೆಗೆ ಅರ್ಜಿ ಹಾಕಿ ಇಸ್ತಿಖಾರ ಮಾಡಿದ್ದೆ. ಕೆಲಸ ಸಿಗಲಿಲ್ಲ. ಹಲವು ತಿಂಗಳು ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಒಂದು ದಿನ ಮಕ್ಕಳಿಗೆ ಇದೇ ದುಆ ಕಲಿಸುವಾಗ ಕೊನೆಯ ಮಾತಿಗೆ ಬಂದು ನಾಲಗೆ ತಡವರಿಸಿತು. ದೂರ ಸರಿಸು ಎಂದು ಬೇಡಿದವನು ನಾನೇ, ಸರಿಸಿದಾಗ ಮುನಿಸಿಕೊಂಡವನೂ ನಾನೇ! ಆ ಕೆಲಸ ಸಿಗದಿದ್ದುದರಲ್ಲಿ ಏನು ಒಳಿತಿತ್ತೆಂದು ಇಂದಿಗೂ ನನಗೆ ತಿಳಿದಿಲ್ಲ. ತಿಳಿದ ಮೇಲೆ ಒಪ್ಪುವುದು ಲೆಕ್ಕಾಚಾರ. ತಿಳಿಯದೆಯೂ ಒಪ್ಪುವುದು ಭರವಸೆ.

ಆ ತಂದೆಗೆ ನಾನು ಹೇಳಿದ್ದಿಷ್ಟೆ: "ಮೊದಲು ಮಗನನ್ನು ಕೂರಿಸಿಕೊಂಡು ಅವನ ಮಾತು ಕೇಳಿ. ಅದು ನೀವು ಒಂಟೆ ಕಟ್ಟುವ ಕೆಲಸ. ಆಮೇಲೆ ತಂದೆ ಮಗ ಇಬ್ಬರೂ ನಮಾಝ್ ಮಾಡಿ ನೀವೇ ಬೇಡಿಕೊಳ್ಳಿ." ಮಕ್ಕಳು ನಮ್ಮ ಸೊತ್ತಲ್ಲ, ಅಮಾನತ್ತು. ಅವರ ನಾಳೆಯನ್ನು ಬಿಗಿಹಿಡಿಯುವ ನಮ್ಮ ಕೈಗೆ ನಮ್ಮದೇ ನಾಳೆ ಸಿಗುವುದಿಲ್ಲ.

ಓದುಗರೇ, ನೀವು ಈಗ ಯಾವ ಕಾರ್ಯಕ್ಕಾಗಿ ಬೇಡುತ್ತಿದ್ದೀರೋ ನಾನರಿಯೆ. ಮಾಡಬೇಕಾದುದನ್ನೆಲ್ಲ ಮಾಡಿ, ಚೆನ್ನಾಗಿ ಮಾಡಿ. ಇಂದು ರಾತ್ರಿ ಕೈಯೆತ್ತಿದಾಗ ಆ ಕೊನೆಯ ಮಾತನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ಅಲ್ಲಾಹನು ತನ್ನ ತೀರ್ಮಾನದಲ್ಲಿ ನಮ್ಮನ್ನು ಸಂತೃಪ್ತರಾಗಿಸಲಿ. ಆಮೀನ್.